ವಿವರಣೆ, ಇನ್ನೂರೈವತ್ತು ಅಕ್ಷರ ಮೀರದಂತೆ

ಜಿಲ್ಲಾ ಕಚೇರಿಯ ದೋಷಪಟ್ಟಿಯಲ್ಲಿ
ಹದಿನೇಳನೆಯ ಸಾಲು ಕೆಂಪಾಗಿದೆ:
ಶಿಡ್ಲಘಟ್ಟ ತಾಲ್ಲೂಕು. ಪಡಿತರ ಚೀಟಿ ಒಂದು. ಸಹೋದರಿಯರು ಇಬ್ಬರು.
ತಂದೆ ಬೇರೆ ಬೇರೆ. ಗಂಡ ಒಬ್ಬನೇ.
ನಮೂದಿಸಿದ ಆಪರೇಟರ್ ವಿವರಣೆ ನೀಡತಕ್ಕದ್ದು.

ನೀಡುತ್ತೇನೆ.

ಅವತ್ತು ಗೂಡಿನ ಮಾರುಕಟ್ಟೆಯ ಹರಾಜು ಮುಗಿದ ಹೊತ್ತು,
ಬೀದಿಯುದ್ದ ಬೆಂದ ಹುಳದ ವಾಸನೆ.
ಬಸ್ಸು ಬಂತಾ ಅನ್ನುವ ಹಾಗೆ ಜನ
ಸರ್ವರ್ ಬಂತಾ ಎಂದು ಕೇಳುತ್ತಿದ್ದರು.
ಬಂದಾಗ ಟೋಕನ್ ನಲವತ್ತೊಂದು:
ಪಿಳ್ಳವೆಂಕಟಮ್ಮ, ದ್ಯಾವಮ್ಮ.
ಒಂದೇ ಟೋಕನ್ನಿಗೆ ಇಬ್ಬರು.

ಬ್ಯಾಟಪ್ಪ ತೀರಿಕೊಂಡಾಗ ಅವನ ಹೆಸರು ತೆಗೆದರಂತೆ.
ಅದಕ್ಕೆ ತಗುಲಿಕೊಂಡಿದ್ದ ದ್ಯಾವಮ್ಮನೂ ಉದುರಿಹೋದಳು,
ಮೊಳೆ ಕಿತ್ತರೆ ಚೀಲ ಬೀಳುವ ಹಾಗೆ.
ಒಂಬತ್ತು ತಿಂಗಳು
ಒಬ್ಬಳ ಅಕ್ಕಿಯಲ್ಲಿ ಎರಡು ಹೊಟ್ಟೆ.

ಹಿರಿಯ ಹೆಂಗಸೇ ಕುಟುಂಬದ ಯಜಮಾನಿ ಎನ್ನುತ್ತದೆ ತಂತ್ರಾಂಶ.
ಸರಿ, ಪಿಳ್ಳವೆಂಕಟಮ್ಮ ಯಜಮಾನಿ.
ಯಜಮಾನಿಗೆ ದ್ಯಾವಮ್ಮ ಏನಾಗಬೇಕು?
ಮೌಸ್ ಒತ್ತಿದರೆ ಪಟ್ಟಿ ಜಾರಿ ಕೆಳಗಿಳಿಯುತ್ತದೆ,
ಮಗಳು, ಸೊಸೆ, ಅತ್ತೆ, ನಾದಿನಿ, ಮೊಮ್ಮಗಳು, ಸಹೋದರಿ.
ಎರಡು ಸಲ ಹುಡುಕಿದೆ.
ಸವತಿ ಇಲ್ಲ.
ಗಾದೆಯಲ್ಲಿದ್ದಾಳೆ, ಬೀಸುವ ಕಲ್ಲಿನ ಪದದಲ್ಲಿದ್ದಾಳೆ,
ನಮ್ಮ ಓಣಿಯಲ್ಲೇ ಎರಡು ಜೋಡಿ ಇದ್ದಾರೆ,
ಪಟ್ಟಿಯಲ್ಲಿ ಇಲ್ಲ.
ತುದಿಗೊಂದು ‘ಇತರೆ’ ಇದೆ. ಒತ್ತಿದರೆ
ತಹಶೀಲ್ದಾರರ ದೃಢೀಕರಣ ಕೇಳುತ್ತದೆ.
ತಹಶೀಲ್ದಾರರು ವರ್ಗವಾಗಿ ಹನ್ನೊಂದು ದಿನ,
ಹೊಸಬರ ಹೆಬ್ಬೆರಳಿಗೆ ಯಂತ್ರದ ಪರಿಚಯ ಇನ್ನೂ ಆಗಿಲ್ಲ.

‘ಇವರು ನಿಮಗೆ ಏನಾಗಬೇಕಮ್ಮಾ?’
ಅರವತ್ತು ದಾಟಿದ ಇಬ್ಬರೂ ನೆಲ ನೋಡಿದರು.
‘ಏನೂ ಆಗಬೇಕಿಲ್ಲ,’ ಅಂದಳು ದ್ಯಾವಮ್ಮ,
‘ಮೂವತ್ತು ವರ್ಷ ಬೈದೋಳು ಏನಾಗ್ತಾಳೋ ಅದು.’
ಪಿಳ್ಳವೆಂಕಟಮ್ಮ ಗಾಜಿನ ತೂತಿಗೆ ಬಾಯಿಟ್ಟಳು:
‘ಚೆಲ್ಲೆಲು. ತಂಗಿ ಅಂತ ಬರ್ಕೊಳಮ್ಮ.
ಅವನ ಕಡೆಯಿಂದ ನನಗೆ ಸಿಕ್ಕಿದ್ದು ಇವಳೊಬ್ಬಳೇ.’

ನಾನು ಇನ್ನೂ ಏನನ್ನೂ ಒತ್ತಿರಲಿಲ್ಲ.
ಮೊದಲು ಬೆರಳು ಇಡಿ ಎಂದೆ.
ಫಿಲೇಚರಿನ ಬಿಸಿನೀರಲ್ಲಿ ಎಳೆಯ ತುದಿ ಹುಡುಕಿ ಹುಡುಕಿ
ನುಣ್ಣಗಾದ ಬೆರಳು,
ನಾಲ್ಕು ಸಲ ಇಟ್ಟಳು, ನಾಲ್ಕು ಸಲವೂ ಕೆಂಪು ದೀಪ.
ಆಗ ಪಿಳ್ಳವೆಂಕಟಮ್ಮ ಆ ಕೈಯನ್ನು ಎಳೆದುಕೊಂಡು
ಸೆರಗಿನಲ್ಲಿ ಒರೆಸಿ, ಹಾ ಎಂದು ಬಾಯಾವಿ ಊದಿ,
ಮಗುವಿನ ಕೈಹಿಡಿದು ಅಕ್ಕಿಯಲ್ಲಿ ಅ ಬರೆಸುವ ಹಾಗೆ
ಗಾಜಿನ ಮೇಲಿಟ್ಟು ಅದುಮಿದಳು.
‘ನೆಟ್ಟಗೆ ಇಡೇ, ಮುಂಡೇದೇ.’
ಹಸಿರು.

ನಾನು ‘ಸಹೋದರಿ’ ಒತ್ತಿದೆ.

ಚೀಟಿ ಯಾರ ಹತ್ತಿರ ಇರಬೇಕೆಂದು
ಮೆಟ್ಟಿಲಲ್ಲೇ ಜಗಳ ಶುರುವಾಯಿತು,
ಅದು ಟೋಕನ್ ನಲವತ್ತೇಳರವರೆಗೆ ಕೇಳಿಸುತ್ತಿತ್ತು.

ಇಷ್ಟು ಬರೆದು ನೋಡಿದರೆ ಮಿತಿ ಎಂದೋ ದಾಟಿದೆ.
ಒತ್ತಕ್ಷರವನ್ನು ಯಂತ್ರ ಬಿಡಿಸಿ ಎಣಿಸುತ್ತದೆ,
ನಮ್ಮ ‘ಮ್ಮ’ ಅದಕ್ಕೆ ಮೂರು,
ಪಿಳ್ಳವೆಂಕಟಮ್ಮನ ಹೆಸರಿಗೇ ಹದಿಮೂರು.
ಅಳಿಸುತ್ತ ಬಂದೆ.
ಹುಳದ ವಾಸನೆ ಹೋಯಿತು, ತಹಶೀಲ್ದಾರರು ಹೋದರು,
ಮೊಳೆ, ಚೀಲ, ಬೈಗುಳ ಹೋದವು.
ಊದಿದ ಆವಿಯ ಮುಂದೆ ಕರ್ಸರ್ ಸ್ವಲ್ಪ ಹೊತ್ತು
ಮಿಟುಕುತ್ತ ನಿಂತಿತು. ಅದನ್ನೂ ಅಳಿಸಿದೆ.

ಸಲ್ಲಿಸಿದ್ದು ಇಷ್ಟು:

ತಂದೆ ಬೇರೆ, ನಿಜ. ಗಂಡ ಒಬ್ಬ, ಈಗ ಅವನೂ ಇಲ್ಲ.
ಒಲೆ ಒಂದೇ. ನಮೂದು ಸರಿಯಿದೆ.
ಸಹಿ: ಮೂರನೆಯ ಕಿಟಕಿ, ಗುತ್ತಿಗೆ ಆಪರೇಟರ್,
ಮಾರ್ಚ್ ಮೂವತ್ತೊಂದರವರೆಗೆ.