ಎರಡು ಬಗೆ

ಪುಯೆರ್ತೊ ಮಾಂಟ್, ಮೇ ತಿಂಗಳ ಒಂದು ಮಂಗಳವಾರ,
ಬೆಳಿಗ್ಗೆ ಎಂಟೂವರೆಗೂ ಪೂರ್ತಿ ಬೆಳಕಾಗಿಲ್ಲ.
ವಾಣಿಜ್ಯ ವಿಭಾಗದ ಮೂರನೇ ಮಹಡಿ,
ಮೂವತ್ತೊಂದು ಒದ್ದೆ ಜಾಕೆಟ್ಟು,
ಯಾರದೋ ಚೀಲದೊಳಗೆ ಬಿಸಿ ಬ್ರೆಡ್ಡು.
ಎಲಿಯಾನಾ ಬಾರ್ರಿಯಾ ಪರದೆಯ ಮೇಲೆ
ಒಂದು ಕಂಪನಿಯ ಲೆಕ್ಕ ಬಿಚ್ಚುತ್ತಾಳೆ.
ಹೆಸರಿದ್ದ ಕಡೆ ಕಪ್ಪು ಪಟ್ಟಿ.

"ಹದಿನೇಳನೇ ಸಾಲು, ಯಾರಾದರೂ ಓದಿ."
ಓದುತ್ತಾರೆ: ಸಾವು, ಶೇಕಡಾ ಒಂಬತ್ತು.
ಪಂಜರದಲ್ಲಿ ಸತ್ತ ಸಾಲ್ಮನ್ನಿಗೆ ಒಂದು ಸಾಲುಂಟು,
ಸವಕಳಿಯ ಕೆಳಗೆ, ವಿಮೆಯ ಮೇಲೆ,
ಅಚ್ಚುಕಟ್ಟಾದ ಗೋರಿ.
"ಪಂಜರದ ಅಡಿಯಲ್ಲಿ,
ತಿನ್ನದೆ ಬಿದ್ದ ಮೇವು, ಔಷಧಿ, ಹೇಲು
ಮೊಣಕಾಲುದ್ದ ಕೂತ ಆ ನೆಲದಲ್ಲಿ
ಸತ್ತದ್ದೇನು? ಅದರ ಸಾಲೆಲ್ಲಿ?"

ಸದ್ದಿಲ್ಲ. ಹೀಟರೊಂದು ಗೊರಕೆ ಹೊಡೆಯುತ್ತದೆ.

ಒಂಬತ್ತು ವರ್ಷದಿಂದ ಇದೇ ಪ್ರಶ್ನೆ.
ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ, ಚೆನ್ನಾಗಿಯೇ ಬರೆಯುತ್ತಾರೆ,
ಒಲೆ ಆರಿಸಿದ ಮೇಲೆ ಉದುರಿಸುವ ಕೊತ್ತಂಬರಿಯಂತೆ
ಕೊನೆಯ ಪ್ಯಾರಾಕ್ಕೆ ಒಂದು ಚಿಟಿಕೆ 'ಸುಸ್ಥಿರತೆ'.
ಇವಳು ಅಂಕ ಕೊಡುತ್ತಾಳೆ.
ಕೊಡದಿರಲು ಕಾರಣ ಸಿಕ್ಕಿಲ್ಲ.

ಹಿಂದಿನ ಬೆಂಚಿನಿಂದ ದಾಮಿಯಾನ್ ಕಾರ್ಕಮೊ,
ಕಾಲ್ಬುಕೊ ದ್ವೀಪದ ಹುಡುಗ.
ಅವನ ತಾಯಿ ಹನ್ನೆರಡು ವರ್ಷದಿಂದ ಚಿಮುಟ ಹಿಡಿದು
ಸಾಗುವ ಪಟ್ಟಿಯ ಮುಂದೆ ಮೀನಿನ ಮುಳ್ಳು ಕೀಳುತ್ತಾಳೆ,
ರಾತ್ರಿ ಚಹಾದ ಲೋಟ ಹಿಡಿಯಲು ಎರಡೂ ಕೈ ಬೇಕು.
ಆದರೆ ಅವನು ಅದನ್ನು ಹೇಳಲಿಲ್ಲ.
ಅವನು ಕೇಳಿದ್ದು ಇಷ್ಟೇ:
"ಮೇಡಂ, ಪರದೆಯ ಮೇಲಿನ ಹೆಸರಿಗೆ ಮಸಿ ಬಳಿದಿರಿ.
ಬಾಗಿಲ ಮೇಲಿನ ಹಿತ್ತಾಳೆಯದು ಹಾಗೇ ಇದೆಯಲ್ಲ?"

ಮೊದಲು ನಗು. ಆಮೇಲೆ ನಗು ಎಲ್ಲಿ ಹೋಗಬೇಕೋ ತಿಳಿಯದೆ
ಬೆಂಚುಗಳ ನಡುವೆಯೇ ಕೂತಿತು.

ಹೌದು. ಈ ಕೋಣೆ ಅವರದು.
ಈ ಪರದೆ, ಈ ಗೊರಕೆಯ ಹೀಟರು,
'ನೀತಿ ಮತ್ತು ಪರಿಸರ' ಎಂಬ ಈ ಪೀಠ,
ಪೀಠದ ಮೇಲಿನ ಇವಳು.

ಉಂಡ ಮನೆಗೆ ಎರಡು ಬಗೆಯಬಾರದು,
ಯಾವ ಊರಿನ ಅಜ್ಜಿಯಾದರೂ ಹೇಳುವ ಮಾತು.
ಆದರೆ ಲೆಕ್ಕದ ಶಾಲೆಯಲ್ಲಿ
ಮೊದಲ ವರ್ಷದ ಮೊದಲ ಪಾಠವೇ ಎರಡು ಬಗೆಯುವುದು:
ಬಂದದ್ದನ್ನು ಒಮ್ಮೆ ಬರೆ,
ಎಲ್ಲಿಂದ ಬಂತೆಂದು ಇನ್ನೊಮ್ಮೆ ಬರೆ.
ಒಂದೇ ಬಗೆದವನ ಪುಸ್ತಕ ಎಂದೂ ತಾಳೆಯಾಗದು.

ಪರದೆ ಆರಿಸಿದಳು.
ಹಲಗೆಯ ಮೇಲೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ,
ಮೇಲೆ ತನ್ನದೇ ಹೆಸರು.
ಎಡಕ್ಕೆ: ಸಂಬಳ. ಮಗನ ಹಲ್ಲಿನ ತಂತಿ.
ಎರಡು ವಿದೇಶ ಪ್ರವಾಸ, ಅಲ್ಲಿ ಓದಿದ ಪ್ರಬಂಧ
(ಅದೂ ಕಡಲಿನ ಮೇಲೆಯೇ).
ಬಲಕ್ಕೆ ಬಂದಾಗ ಕೈ ನಿಂತಿತು.
ಕೈ ನಿಂತದ್ದನ್ನು ಮೂವತ್ತೊಂದು ಮಂದಿ ನೋಡಿದರು.
ಒಂಬತ್ತು ವರ್ಷದಲ್ಲಿ
ಅವಳು ಪಾಠ ಮಾಡಿದ್ದು ಅಷ್ಟು ಹೊತ್ತು, ಬಹುಶಃ.

ದಾಮಿಯಾನ್ ಎದ್ದು ಬಂದ.
ಗೆಲುವಿನ ಮುಖವಲ್ಲ, ಬೆವರಿನ ಮುಖ.
ಪಕ್ಕದಲ್ಲಿ ಇನ್ನೊಂದು ಅಡ್ಡಗೆರೆ ಎಳೆದ, ಉದ್ದಗೆರೆ ಎಳೆದ,
ಎಡಕ್ಕೆ ಸಣ್ಣಕ್ಷರದಲ್ಲಿ ಬರೆದ:
ಜೂನ್ ಒಂದರಿಂದ ತರಬೇತಿ, ಅದೇ ಕಂಪನಿ, ಹೂಂ ಎಂದಾಗಿದೆ.
ಬಲಗಡೆಯನ್ನು ಅವನೂ ಖಾಲಿ ಬಿಟ್ಟ.
ಗಂಟೆ ಬಾರಿಸಿದಾಗ
ಯಾರೂ ಹಲಗೆ ಒರೆಸಲಿಲ್ಲ, ಯಾರೂ ಫೋಟೊ ತೆಗೆಯಲಿಲ್ಲ.
ಒಬ್ಬಳು ಹುಡುಗಿ ಮಾತ್ರ
ಬಾಗಿಲು ದಾಟುವಾಗ ತಲೆಯೆತ್ತಿ
ಹಿತ್ತಾಳೆಯ ಅಕ್ಷರಗಳನ್ನು ಹೊಸದಾಗಿ ಕಲಿತವಳಂತೆ ಓದಿದಳು.

ಕಿಟಕಿಯಾಚೆ ಕೊಲ್ಲಿ,
ದೂರದಲ್ಲಿ ಪಂಜರಗಳ ಚೌಕ ಚೌಕ,
ಭರ್ತಿಯಾಗದ ಕೋಷ್ಟಕ.
ಒಂದು ಕಡಲಸಿಂಹ ಚೌಕಗಳ ಹೊರಗೆ
ತಲೆಯೆತ್ತಿತು, ಮುಳುಗಿತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮಂಗಳವಾರದ ಊಟ:
ಆಲೂಗಡ್ಡೆ, ಸಾಲ್ಮನ್.
ತಟ್ಟೆ ಹಿಡಿದು ಸಾಲಿನಲ್ಲಿ ನಿಂತಳು.
ಹಸಿವಾಗಿತ್ತು, ತಿಂದಳು.
ಉಪ್ಪು ಸ್ವಲ್ಪ ಮುಂದಾಗಿತ್ತು.
ಎದ್ದು ಹೋಗಿ
ಲೋಟ ತುಂಬ ನೀರು ಹಿಡಿದು
ನಿಂತಲ್ಲೇ ಕುಡಿದಳು,
ಇನ್ನೊಂದು ಲೋಟ ಹಿಡಿದಳು.