ಮೆರುಗಿನ ಬೀದಿ

ಲಾಂಗ್ಟನ್ ಗ್ರಂಥಾಲಯದ ಮೇಲಂತಸ್ತು, ಹೀಟರ್ ಕೆಟ್ಟ ಮಂಗಳವಾರ.
ಸಾವಿರದ ಒಂಬೈನೂರ ಹನ್ನೊಂದರ ಖಾನೇಷುಮಾರಿಯನ್ನು
ಬೀದಿ ಬೀದಿಯಾಗಿ ನಕ್ಷೆಗೆ ಇಳಿಸುತ್ತಿದ್ದೇನೆ.
ಕಸುಬಿಗೊಂದು ಗುರುತು, ಮಕ್ಕಳ ಸಂಖ್ಯೆಗೊಂದು ಬಣ್ಣ.

ಗಣಿಗಿಳಿದವರ ಸಾಲು ಕಡುಗೆಂಪು:
ಒಂಬತ್ತು, ಹನ್ನೊಂದು, ಮತ್ತೆ ಒಂಬತ್ತು.
ಎರಡು ಕೋಣೆಯಲ್ಲಿ ಹದಿಮೂರು ತಲೆ, ಬಾಡಿಗೆಯವನೊಬ್ಬ ಬೇರೆ.
ಅಂಗಡಿಯವರದು ಕಿತ್ತಳೆ.
ಪಾದ್ರಿಯದು, ಯಾಕೋ, ಗಣಿಯವರಿಗಿಂತ ಕೆಂಪು.
ನಗು ಬಂತು. ಎದುರು ಕೂತವರು ತಲೆ ಎತ್ತಿದರು.

ಆಮೇಲೆ ಡೇನ್ ರೋ. ಭಟ್ಟಿಗಳ ಬೆನ್ನಿಗೆ ಇಪ್ಪತ್ತೆರಡು ಮನೆ.
ಬಣ್ಣವೇ ಹಿಡಿಯುತ್ತಿಲ್ಲ.
ಎರಡು. ಒಂದು. ಸೊನ್ನೆ. ಒಂದು. ಸೊನ್ನೆ.
ಕಾಲಂ ಜರುಗಿತೇನೋ ಎಂದು ಹುಡುಕಿದೆ,
ಸೂತ್ರ ತಿದ್ದಿದೆ,
ಮಧ್ಯಾಹ್ನದವರೆಗೆ ನನ್ನನ್ನೇ ಬೈದುಕೊಂಡೆ.

ತಪ್ಪಿರಲಿಲ್ಲ. ಕಸುಬನ್ನು ಓದಿರಲಿಲ್ಲ, ಅಷ್ಟೇ.
ಹೆಂಡತಿ: ಮೆರುಗಿನಲ್ಲಿ ಅದ್ದುವವಳು.
ಪಕ್ಕದ ಮನೆ, ಹೆಂಡತಿ: ಅದ್ದುವವಳು.
ಅದರಾಚೆ, ಅದ್ದಿದ್ದನ್ನು ಒರೆಸುವವಳು.
ಬೆಳಗಾದರೆ ಮೊಣಕೈ ತನಕ ಹಾಲಿನಂಥ ಸೀಸದ ನೀರು.
ಸುಟ್ಟು ಹೊರತೆಗೆದರೆ ತಟ್ಟೆಯಲ್ಲಿ ಮುಖ ಕಾಣಬೇಕು.

ಹದಿನಾಲ್ಕನೆಯ ಮನೆ. ಥರ್ಜಾ ಮೆಲ್ಲರ್, ಮೂವತ್ತೊಂದು.
ಮದುವೆಯಾಗಿ ಹತ್ತು ವರ್ಷ.
ಜೀವಂತ ಹುಟ್ಟಿದ ಮಕ್ಕಳು: ಒಂದು.
ಅದರ ಕೆಳಗೆ, ಇನ್ನೂ ಓದಲು ಬರುವಂತೆ, ಏಳು.
ಎಣಿಕೆದಾರ ಹಸಿರು ಶಾಯಿಯಲ್ಲಿ ಒಂದು ಗೆರೆ ಹೊಡೆದಿದ್ದಾನೆ.
ಅವನದೂ ತಪ್ಪಲ್ಲ;
ಕಾಲಂ ಕೇಳಿದ್ದು ಅತ್ತ ಮಕ್ಕಳನ್ನು ಮಾತ್ರ.

ಕುಂಟೆಬಿಲ್ಲೆಗೆ ಪುಟ್ಟ ತಮ್ಮನನ್ನು ಸೇರಿಸಿಕೊಳ್ಳುವಾಗ
ಒಂದು ಮಾತು ಹೇಳುತ್ತಿದ್ದೆವು:
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಈ ಆರಕ್ಕೆ ಆ ರಿಯಾಯಿತಿಯೂ ಇಲ್ಲ.

ಶುಕ್ರವಾರ ನಕ್ಷೆ ಒಪ್ಪಿಸಬೇಕು.
ಡೇನ್ ರೋ ಅದರಲ್ಲಿ ತಿಳಿ ಹಳದಿ, ಅಂದರೆ ಕಿರು ಕುಟುಂಬ.
ನಮ್ಮ ಆಸ್ಪತ್ರೆಯ ಗೋಡೆ ನೆನಪಾಯಿತು,
ಕೆಂಪು ತ್ರಿಕೋನ, ಅಪ್ಪ ಅಮ್ಮ ಇಬ್ಬರು ಮಕ್ಕಳು,
ಚಿಕ್ಕ ಸಂಸಾರ ಸುಖ ಸಂಸಾರ.
ಯಾರಾದರೂ ಹಾಗೇ ಓದಿಬಿಟ್ಟರೆ?
ಅಂಚಿನಲ್ಲಿ ಒಂದು ಟಿಪ್ಪಣಿ ಬರೆದೆ. ಅಳಿಸಿದೆ.
ಮತ್ತೆ ಬರೆದೆ, ಈ ಸಲ ಮನೆ ನಂಬರಿನ ಸಮೇತ.

ಈ ಊರಿನವರಿಗೆ ಒಂದು ಚಾಳಿ:
ತಟ್ಟೆ ಕೈಗೆ ಸಿಕ್ಕರೆ ಮೊದಲು ಮಗುಚಿ ನೋಡುತ್ತಾರೆ,
ಯಾರ ಕಾರ್ಖಾನೆಯದೆಂದು.
ನನಗೂ ಅಂಟಿದೆ. ಚಹಾ ಮುಗಿಸಿ ಸಾಸರ್ ಮಗುಚಿದೆ.
ಮಾಲೀಕನ ಹೆಸರು, ಒಂದು ಕಿರೀಟ,
ಮೆರುಗು ತಾಗದ ಅಡಿಯಂಚು, ಒರಟು,
ಬೆರಳಿಗೆ ಮರಳಿನ ಹಾಗೆ.