ತೂಕದ ದಿನ

ತಣ್ಣೀರುಹಳ್ಳದ ನಮ್ಮ ಅಂಗನವಾಡಿಯಲ್ಲಿ
ತಿಂಗಳ ಮೊದಲ ಮಂಗಳವಾರ ತೂಕ.
ತೊಲೆಗೆ ಗಡಿಯಾರದಂಥ ತಕ್ಕಡಿ, ಅದಕ್ಕೊಂದು ಕೊಕ್ಕೆ,
ಕೊಕ್ಕೆಗೆ ಕಾಲು ತೂರಿಸುವ ನೀಲಿ ಚೀಲ.
ಅದರಲ್ಲಿ ಕೂತು ಅಳದ ಮಗುವನ್ನು
ಹತ್ತೊಂಬತ್ತು ವರ್ಷದಲ್ಲಿ ನಾನು ಕಂಡಿಲ್ಲ.

ಮಧ್ಯಾಹ್ನ ಅಕ್ವೇರಿಯಂ ಅಂಗಡಿಯ ಲೋಹಿತಾಶ್ವ ಬಂದ.
"ಮಿಸ್, ತಕ್ಕಡಿ ಅರ್ಧ ಗಂಟೆ ಬೇಕಿತ್ತು."
ಸರ್ಕಾರದ ಸಾಮಾನು, ಒಂಟಿಯಾಗಿ ಕಳಿಸುವಂತಿಲ್ಲ.
ಅದರ ಜೊತೆ ನಾನೂ ಹೋದೆ.

ನಡುಮನೆಯಲ್ಲಿ ಗಾಜಿನ ಪೆಟ್ಟಿಗೆ.
ಮುಚ್ಚಳ ಪ್ಲೈವುಡ್ಡಿನದು, ಮೇಲೊಂದು ಗುಂಡುಕಲ್ಲು;
ಮಿಕ್ಸಿ ಬರುವ ಮುಂಚೆ ಕೋಮಲ ಚಟ್ನಿ ಅರೆಯುತ್ತಿದ್ದದ್ದು ಅದರಲ್ಲೇ.
ಒಳಗೆ ಬಲ್ಬು. ಬಲ್ಬಿನ ಕೆಳಗೆ
ಆಲೆಮನೆಯಿಂದ ಈಗ ತಾನೆ ಇಳಿಸಿದ ಬೆಲ್ಲದ ಬಣ್ಣದಲ್ಲಿ
ತನ್ನ ಮೇಲೆ ತಾನೇ ಕೂತುಕೊಂಡು, ಅದು.
"ಹೆಸರೂ ಬೆಲ್ಲ ಅಂತಲೇ ಮಿಸ್. ಹೊರದೇಶದ ಬೋವಾ,
ಕಾಗದಪತ್ರ ಪಕ್ಕಾ ಇದೆ. ಮರಿಯಿದ್ದಾಗ
ವಾಚಿನ ಹಾಗೆ ಮಣಿಕಟ್ಟಿಗೆ ಸುತ್ತಿಕೊಳ್ತಿತ್ತು."

ಪೆಟ್ಟಿಗೆಯಿಂದ ನಾಲ್ಕು ಹೆಜ್ಜೆಗೆ ಹಾಸಿಗೆ.
ಹಾಸಿಗೆಯ ಮೇಲೆ ಹಂಸಿನಿ, ಕೈಯಲ್ಲಿ ಅರ್ಧ ಬಿಸ್ಕತ್ತು.

ಸೋನಾ ಮಸೂರಿಯ ಖಾಲಿ ಚೀಲದೊಳಗೆ ಅದನ್ನು ಇಳಿಬಿಟ್ಟು
ತೊಟ್ಟಿಲ ಕೊಂಡಿಗೆ ತಕ್ಕಡಿ ತಗುಲಿಸಿದ. ಮುಳ್ಳು ಓಡಿ ನಿಂತಿತು:
ಹನ್ನೊಂದು ಕಿಲೋ ನಾನೂರು.
ಅಭ್ಯಾಸಬಲ. ರಿಜಿಸ್ಟರು ತೆಗೆದು ಪೆನ್ಸಿಲಿನಲ್ಲಿ ಬರೆದುಬಿಟ್ಟೆ.
ಅದರ ಮೇಲಿನ ಸಾಲು ಬೆಳಿಗ್ಗೆಯದು, ಶಾಯಿಯಲ್ಲಿ:
ಹಂಸಿನಿ, ಒಂದು ವರ್ಷ ಹತ್ತು ತಿಂಗಳು,
ಒಂಬತ್ತು ಕಿಲೋ ಇನ್ನೂರು.

ಎರಡು ಸಾಲನ್ನೂ ಅವನ ಮುಂದೆ ಹಿಡಿದೆ. ನಕ್ಕ.
"ನಾಯಿ ಸಾಕಿದವರ ಮನೇಲಿ ಮಕ್ಕಳಿಲ್ವಾ ಮಿಸ್?"

ನಾಯಿ ಬೊಗಳುತ್ತದಪ್ಪ.
ನಾಯಿ ಮುನಿಯುತ್ತದೆ, ತಪ್ಪು ಮಾಡಿ ಮಂಚದಡಿ ಸೇರುತ್ತದೆ.
ಇದಕ್ಕೆ ಮುನಿಸಿಲ್ಲ. ನನಗೆ ಭಯ ಅದೇ.
ಮೊಲ ಹಿಡಿದ ಕೈಯಲ್ಲೇ ಮಗಳ ಕೆನ್ನೆ ಸವರುತ್ತೀಯ;
ಮೊಲ ಯಾವುದು ಕೆನ್ನೆ ಯಾವುದು ಎಂದು
ನಾಲಿಗೆಯಲ್ಲಿ ಓದುವ ಜೀವಕ್ಕೆ
ಯಾವ ಟೀಚರು ತಿದ್ದಿಸಬೇಕು?

ನಾನೂ ಹುತ್ತಕ್ಕೆ ಹಾಲೆರೆದವಳೇ.
ಹುತ್ತ ಇರುವುದು ಊರಾಚೆ, ಬೇಲಿಯ ಮಗ್ಗುಲಲ್ಲಿ.
ಎರೆದು, ಕೈಮುಗಿದು, ನಡೆದು ಮನೆಗೆ ಬರುತ್ತೇವೆ.
ಆ ನಡೆದು ಬರುವ ದೂರವೂ ಪೂಜೆಗೇ ಸೇರಿದ್ದು.

ಇದನ್ನೆಲ್ಲ ಬಾಯಿಬಿಟ್ಟು ಹೇಳಿದೆನೇ? ಇಲ್ಲ.
ಕಾಫಿ ಕೊಟ್ಟರು. ಕುಡಿದೆ.
ತಕ್ಕಡಿ ಎತ್ತಿಕೊಂಡು ಬಂದೆ.

ಡಿಸೆಂಬರಿನ ಒಂದು ರಾತ್ರಿ ಆ ಬಲ್ಬು ಸುಟ್ಟುಹೋಯಿತು.
ಬೆಳಿಗ್ಗೆ ನೋಡಿದರೆ ಗುಂಡುಕಲ್ಲು ಕೆಳಗೆ, ಕಂಬಳಿಯ ರಾಶಿಯ ಮೇಲೆ;
ಬಿದ್ದ ಸದ್ದು ಯಾರಿಗೂ ಕೇಳಿಲ್ಲ.
ಕೋಮಲ ಬರಿಗಾಲಲ್ಲಿ ನನ್ನ ಬಾಗಿಲಿಗೆ ಬಂದಳು,
ಮಗುವನ್ನು ಅದಕ್ಕೇ ನೋವಾಗುವಷ್ಟು ಅವುಚಿಕೊಂಡು.

ಹತ್ತೂವರೆಗೆ ಸಿಕ್ಕಿತು. ಫ್ರಿಜ್ಜಿನ ಹಿಂದೆ,
ಬಿಸಿ ಮೋಟಾರಿಗೆ ಮೈಯೊತ್ತಿಕೊಂಡು ಮಲಗಿತ್ತು.
ಚಳಿಯಾಗಿತ್ತು ಅದಕ್ಕೆ, ಇನ್ನೇನಿಲ್ಲ.
"ನೋಡಿ, ಪಾಪದ ಪ್ರಾಣಿ," ಎಂದ ಲೋಹಿತಾಶ್ವ. ಧ್ವನಿ ನಡುಗುತ್ತಿತ್ತು.

ಪೆಟ್ಟಿಗೆಯಿಂದ ಫ್ರಿಜ್ಜಿಗೆ ಹದಿಮೂರು ಹೆಜ್ಜೆ.
ನಾನೇ ನಡೆದು ಎಣಿಸಿದೆ.
ಹಾಸಿಗೆಯ ಪಕ್ಕ ಮಗುವಿನ ಪೌಡರು ಚೆಲ್ಲಿತ್ತು;
ಪೌಡರಿನಲ್ಲಿ ಒಂದು ಅಗಲವಾದ ಗೆರೆ
ದಿಂಬಿನ ತನಕ ಬಂದು,
ಅಲ್ಲಿ ಒಂದು ಸುತ್ತು ದಪ್ಪವಾಗಿ,
ಆಮೇಲೆ ಅಡುಗೆಮನೆಯ ಕಡೆ ತಿರುಗಿತ್ತು.
ಯಾಕೆ ತಿರುಗಿತೆಂದು ಯಾರನ್ನು ಕೇಳುವುದು?
ಕೋಮಲ ಆ ಗೆರೆಯನ್ನು ಗುಡಿಸಲಿಲ್ಲ.
ಗಂಡ ನೋಡುವವರೆಗೂ ಪೊರಕೆ ಹಿಡಿದು ನಿಂತೇ ಇದ್ದಳು.

ಮೈಸೂರಿನ ಕಡೆಯ ಯಾರೋ ಬಂದು ಅದನ್ನು ಒಯ್ದರು.
ಪೆನ್ಸಿಲಿನ ಸಾಲನ್ನು ನಾನು ರಬ್ಬರಿನಲ್ಲಿ ಅಳಿಸಿದೆ;
ಅಂಕಿ ಹೋಯಿತು, ಒತ್ತಿದ ಗುರುತು ಹೋಗಿಲ್ಲ.

ಜನವರಿಯ ಮಂಗಳವಾರ, ಹಂಸಿನಿ:
ಒಂಬತ್ತು ಕಿಲೋ ಏಳುನೂರು.
ನೀಲಿ ಚೀಲದಲ್ಲಿ ಕೂರಿಸಿದ್ದೇ ತಡ
ಬೀದಿಗೆಲ್ಲ ಕೇಳುವಂತೆ ಕಿರುಚಿದಳು.
ಅವರಪ್ಪ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ನಿಂತಿದ್ದ.
ತೂಕ ಬರೆದಾದ ಮೇಲೂ
ಒಂದು ಗಳಿಗೆ ನಾನು ಅವಳನ್ನು ಇಳಿಸಲಿಲ್ಲ.
ಅಳಲಿ ಎಂದುಕೊಂಡೆ. ಅವನು ಕೇಳಲಿ.